ಜೀಪಿನ ಬಾಗಿಲ ಮೇಲಿನ ಗುಣಾಕಾರ ಚಿಹ್ನೆ

ಕೆಲವರಿಗೆ ಚಿನ್ನದ ಚಿಂತೆ, ನನಗೆ ತುಕ್ಕಿನದು. ಕುಶಾಲನಗರದ ಹತ್ತಿರದ ಕಾಲೇಜೊಂದರಲ್ಲಿ ಪಾಠ ಹೇಳುವ ನಾನು, ಉಳಿದ ಹೊತ್ತಿನಲ್ಲಿ ಬಣ್ಣ ಹಚ್ಚಿದ ಕಬ್ಬಿಣಕ್ಕೆ ತುಕ್ಕು ಹೇಗೆ ಹಿಡಿಯುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತೇನೆ. ಬಣ್ಣಕ್ಕೊಂದು ಗೀರು ಬಿದ್ದರೆ ಸಾಕು, ನೀರು ಒಳನುಗ್ಗಿ ತುಕ್ಕು ಅದರಡಿಯಲ್ಲೇ ಸದ್ದಿಲ್ಲದೆ ಹಬ್ಬುತ್ತದೆ. ಎಷ್ಟು ದಿನಕ್ಕೆ ಎಷ್ಟು ಎಂಬುದನ್ನು ನನ್ನ ಪರದೆ ತೋರಿಸುತ್ತದೆ. ಇದನ್ನು ನೆಂಟರಿಗೆ ವಿವರಿಸಲು ಹೊರಟಾಗಲೆಲ್ಲ ಅವರಿಗೆ ಅಂಗಳದಲ್ಲಿ ಕಾಫಿ ಒಣಹಾಕಿದ್ದು ನೆನಪಾಗುತ್ತದೆ.

ಪರದೆಯ ತುಕ್ಕನ್ನು ನಿಜವಾದ ತುಕ್ಕಿನೊಡನೆ ತಾಳೆ ನೋಡುವ ಚಪಲ ನನಗೆ. ಚೆಟ್ಟಳ್ಳಿಯ ನಮ್ಮ ಕಾಫಿ ತೋಟ ನೋಡಿಕೊಳ್ಳುವವಳು ಹೆಂಡತಿ ಶಾರದೆ. ಅವಳ ಜೀಪಿಗೆ ಪೇಂಟರ್ ಹಮೀದ್ ಆಗಷ್ಟೇ ಹೊಸ ಬಣ್ಣ ಹೊಡೆದಿದ್ದ. ಮಳೆ ಹಿಡಿಯುವ ಮುನ್ನ ಹಿಂಬಾಗಿಲಿನ ಕೆಳಗಡೆ, ಯಾರಿಗೂ ಕಾಣದ ಹಾಗೆ, ಒಂದು ಪುಟ್ಟ ಗುಣಾಕಾರ ಚಿಹ್ನೆ ಗೀಚಿದೆ. ಬಣ್ಣ ಪರೀಕ್ಷಿಸುವ ಪ್ರಯೋಗಶಾಲೆಗಳ ಪದ್ಧತಿಯೇ ಅದು. ಗೆರೆ ಸೊಟ್ಟಗಾಗಬಾರದೆಂದು ಸ್ಕೇಲ್ ಇಟ್ಟೇ ಗೀಚಿದೆ.

ಮಳೆಗಾಲ ಮುಗಿಯುವಾಗ ಅಲ್ಲಿ ಬಣ್ಣ ಬೊಬ್ಬೆ ಎದ್ದಿತ್ತು. ಕದ್ದು ಅಳೆದು ನೋಡಿದೆ. ತುಕ್ಕು ಪರದೆ ಹೇಳಿದಷ್ಟೇ ಹಬ್ಬಿತ್ತು. ಕುಣಿಯುವಷ್ಟು ಖುಷಿಯಾಯಿತು. ಅಷ್ಟರಲ್ಲಿ ಶಾರದೆಯೂ ಅದನ್ನು ನೋಡಿ ಹಮೀದನನ್ನು ಕರೆಸಿದಳು.

“ಇದೆಂಥ ಕೆಲಸ ಹಮೀದ್? ಕಾಫಿ ಪಿಕಿಂಗ್ ಮುಗಿದ ಮೇಲೆ ಕೆಲಸದವರ ಲೈನ್ ಮನೆಗಳ ಗೇಟು, ಕಿಟಕಿ ಎಲ್ಲ ನಿನಗೇ ಕೊಡುವ ಅಂತಿದ್ದೆ. ಇನ್ನು ಬೇರೆಯವರನ್ನೇ ನೋಡ್ಬೇಕು.”

ಹಮೀದನ ಮುಖ ಇಳಿದುಹೋಯಿತು. ನನಗೆ ನಾಚಿಕೆಯಾಯಿತು, ಆದರೂ ಜೀಪಿನ ಟೈರು ನೋಡುವವನಂತೆ ಬಗ್ಗಿದೆ. ಅವನು ಬಾಗಿಲ ಬಳಿ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ.

“ಮೇಡಂ, ಮುಳ್ಳಾಗ್ಲಿ ಕಲ್ಲಾಗ್ಲಿ ಇಷ್ಟು ನೇರ ಗೀಚಲ್ಲ. ಇದು ಸ್ಕೇಲ್ ಇಟ್ಟು ಗೀಚಿದ್ದು. ಯಾರೋ ಓದಿದವರ ಕೆಲಸ.”

ನಮ್ಮ ಮನೆಯಲ್ಲಿ ಸ್ಕೇಲ್ ಇದ್ದದ್ದು ನನ್ನ ಮೇಜಿನ ಮೇಲೆ ಮಾತ್ರ. ಎಲ್ಲವನ್ನೂ ಒಪ್ಪಿಕೊಂಡೆ. ಶಾರದೆ ಒಳಗೆ ಹೋಗಿ ಆ ಸ್ಕೇಲ್ ತಂದು ಗೀರಿನ ಮೇಲಿಟ್ಟು ನೋಡಿದಳು. ಬೈದಿದ್ದರೆ ವಾಸಿಯಿತ್ತು.

“ಸಾರ್, ನಿಮ್ಮ ಕಂಪ್ಯೂಟರ್ ಲೆಕ್ಕ ಎಂಥ ಪೇಂಟಿಗೆ ಹಾಕಿದ್ದು?” ಎಂದು ಹಮೀದ್ ಕೇಳಿದ.

“ಚೆನ್ನಾಗಿ ಕಚ್ಚಿಕೊಂಡ ಪೇಂಟಿಗೆ.”

“ಲೆಕ್ಕ ಸರಿ ಬಂತಲ್ಲ? ಹಾಗಾದ್ರೆ ನನ್ನ ಪೇಂಟೂ ಚೆನ್ನಾಗೇ ಕಚ್ಚಿದೆ ಅಂತಾಯ್ತು. ಅದನ್ನೇ ಮೇಡಂಗೆ ತೋರ್ಸಿ.”

ತೋರಿಸಿದೆ. ನನ್ನ ಸಂಶೋಧನೆಯನ್ನು ಶಾರದೆ ಕೊನೆಯವರೆಗೂ ಕೇಳಿದ್ದು ಅದೇ ಮೊದಲು. ಲೈನ್ ಮನೆಗಳ ಕೆಲಸ ಹಮೀದನಿಗೇ ಉಳಿಯಿತು. ಆಮೇಲೆ ಅವಳು ಒಂದೇ ಒಂದು ಪ್ರಶ್ನೆ ಕೇಳಿದಳು: “ನೀವು ಗೀಚದೇ ಇದ್ದಿದ್ರೆ ಈ ಪೇಂಟು ಎಷ್ಟು ವರ್ಷ ಬರ್ತಿತ್ತು?”

ಅದರ ಉತ್ತರವೂ ನನ್ನ ಕಂಪ್ಯೂಟರಿನಲ್ಲಿತ್ತು. “ಅದನ್ನಿನ್ನೂ ಲೆಕ್ಕ ಹಾಕಿಲ್ಲ” ಎಂದು ಹೇಳಿ ಪರದೆ ಮುಚ್ಚಿದೆ.