ಅತ್ತೆಯ ಏಳು ಕೋಟಿ

ನಮ್ಮ ಸೋದರತ್ತೆಯ ಬಳಿ ಏಳು ಕೋಟಿ ಇದೆ ಎಂದು ಮಸ್ಕಿಯ ಅರ್ಧ ಊರು ನಂಬಿದೆ. ಉಳಿದರ್ಧ, ಆಕೆಗೆ ತಲೆ ಕೆಟ್ಟಿದೆ ಎಂದು ನಂಬಿದೆ. ಎರಡೂ ಸುಳ್ಳು ಎನ್ನಲು ನನಗೆ ಧೈರ್ಯವಿಲ್ಲ!

ತಪ್ಪು ಆಕೆಯದೇ. ಹೊಲಿಗೆಯ ದಾರ ತರಲು ಸಿಂಧನೂರು ಬಸ್ಸು ಹತ್ತಿ, "ಏಳು ಕೋಟಿ ಮೂವತ್ತೊಂಬತ್ತು ಲಕ್ಷ ಮೂವತ್ತೊಂಬತ್ತು ಸಾವಿರದ ನೂರಾ ಮೂವತ್ಮೂರು" ಎಂದು ಗೊಣಗುತ್ತ ಕೂತರೆ ಪಕ್ಕದವರು ಸುಮ್ಮನಿರುತ್ತಾರೆಯೇ? ತುರ್ವಿಹಾಳದ ರೈತರೊಬ್ಬರು ಕೇಳಿಯೇಬಿಟ್ಟರು: "ಯಾವ ಹೊಲ ಮಾರಿದ್ರಿ ಅಮ್ಮಾರ?"

"ಹೊಲ ಅಲ್ರೀ, ಅಂಕಿ. ಇದನ್ನ ಯಾರಿಂದನೂ ಒಡಿಯಾಕ ಆಗಂಗಿಲ್ಲ."

"ಅಂದ್ರ ಅಣ್ತಮ್ರಾಗ ಪಾಲೂ ಆಗಂಗಿಲ್ಲ? ಪುಣ್ಯದ ಆಸ್ತಿ ಬಿಡ್ರಿ!"

ವಿಷಯ ಇಷ್ಟೇ. ೭೩೯೩೯೧೩೩ ಅವಿಭಾಜ್ಯ ಸಂಖ್ಯೆ. ಒಂದು ಮತ್ತು ತನ್ನನ್ನು ಬಿಟ್ಟರೆ ಬೇರಾವುದರಿಂದಲೂ ಶೇಷವಿಲ್ಲದೆ ಭಾಗವಾಗದು. ಕೊನೆಯ ಅಂಕಿ ಅಳಿಸಿ, ಉಳಿದದ್ದೂ ಅವಿಭಾಜ್ಯ. ಮತ್ತೊಂದು ಅಳಿಸಿ, ಅದೂ ಅವಿಭಾಜ್ಯ. ಹೀಗೆ ಬರೀ ಏಳು ಉಳಿಯುವವರೆಗೂ! ಪೂರ್ತಿ ಎಂಟಂಕಿಯ ಕೊನೆಗೆ ಇನ್ನೊಂದು ಅಂಕಿ ಸೇರಿಸಲು ಹೋದರೆ ಮಾತ್ರ, ಯಾವುದನ್ನು ಸೇರಿಸಿದರೂ ಒಡೆದುಹೋಗುತ್ತದೆ.

ಇದು ಲಿಂಗಸುಗೂರಿನ ಹೈಸ್ಕೂಲಿನಲ್ಲಿ ಅತ್ತೆಯೂ ಆಕೆಯ ಗೆಳತಿಯೂ ಆಡುತ್ತಿದ್ದ ಆಟ. ಒಬ್ಬಳು ಅಂಕಿ ಸೇರಿಸಬೇಕು, ಇನ್ನೊಬ್ಬಳು ಭಾಗಿಸಿ ಒಡೆಯಲು ನೋಡಬೇಕು. ಐದನೆಯ ಅಂಕಿ ಮುಗಿಯುವಷ್ಟರಲ್ಲಿ ಗೆಳತಿಯ ನಿಕಾ ಆಗಿ, ಅವರು ಊರು ಬಿಟ್ಟುಹೋದರು. ಉಳಿದ ಮೂರನ್ನು ಅತ್ತೆ ಒಬ್ಬಳೇ, ಹೊಲಿಗೆ ಮಷಿನ್ನಿನ ಮುಂದೆ, ವರ್ಷಗಟ್ಟಲೆ ಭಾಗಾಕಾರ ಮಾಡಿ ಹಿಡಿದಳು. ಗಿರಾಕಿಗಳ ಅಳತೆಯ ಪಕ್ಕದಲ್ಲೇ ಲೆಕ್ಕ! ಒಮ್ಮೆ ಭಾಗಲಬ್ಧವನ್ನೇ ಅಳತೆ ಎಂದುಕೊಂಡು ಹೊಲಿದ ರವಿಕೆಯ ತೋಳು ನನ್ನ ಮೊಣಕಾಲು ಮುಟ್ಟಿತು.

"ಮಡಚಿ ಹಾಕ್ಕೋ ಬೇ, ಚಳಿಗಾಲಕ್ಕಾಗ್ತದ," ಎಂದಳು. ಮಸ್ಕಿಯಲ್ಲಿ ಚಳಿಗಾಲ!

ಎಂಟನೆಯ ಅಂಕಿ ಸಿಕ್ಕಂದಿನಿಂದ ಒಂದೇ ಹಂಬಲ, ಗೆಳತಿಗೆ ತೋರಿಸಬೇಕು. ಎಲ್ಲಿದ್ದಾರೋ ಗೊತ್ತಿಲ್ಲ. ಸಿಂಧನೂರಿಗೆ ಹೋದಾಗಲೆಲ್ಲ ವಿಚಾರಿಸಿದಳು. ಕೊನೆಗೆ ಹೋದ ತಿಂಗಳು ಬಳೆ ಅಂಗಡಿಯವರೊಬ್ಬರು, ಜವಳಗೇರಾದಲ್ಲಿದ್ದಾರೆ ಎಂದರು. ಮರುದಿನವೇ ನನ್ನನ್ನೂ ಎಳೆದುಕೊಂಡು ಹೊರಟಳು.

ಗೆಳತಿ ನೋಡಿದೊಡನೆ ಗುರುತು ಹಿಡಿದರು, ತಬ್ಬಿಕೊಂಡರು, ಚಹಾ ಕೊಟ್ಟರು. ಅತ್ತೆ ಅಂಕಿ ಬರೆದ ಹಾಳೆ ಬಿಡಿಸಿ ಹಿಡಿದಳು. ಗೆಳತಿ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಫೋನ್ ನಂಬರೇನಬೇ? ಎರಡು ಅಂಕಿ ಕಮ್ಮಿ ಅದಾವಲ್ಲ!"

ಅವರಿಗೆ ಆಟವೇ ಮರೆತುಹೋಗಿತ್ತು! ಅತ್ತೆ ಹಾಳೆಯನ್ನೇ ನೋಡುತ್ತಿದ್ದವಳು ಪೆನ್ನು ತೆಗೆದಳು.

"ಹೂಂ, ಕಮ್ಮಿ ಅದಾವ. ನಿನ್ನ ನಂಬರ್ ಹೇಳು, ಕೆಳಗ ಬರ್ಕೊಂತೀನಿ."

ವಾಪಸು ಬಸ್ಸಿನಲ್ಲಿ ಆಕೆಯನ್ನು ನಗಿಸಲು ಕೇಳಿದೆ: "ಅತ್ತಿ, ಇದೂ ಒಡಿಯಂಗಿಲ್ಲೇನು?"

"ಭಾಗಿಸೂ ನಂಬರಲ್ಲ ಅದು, ಹಚ್ಚೂ ನಂಬರು," ಎಂದು ಅಲ್ಲೇ ಫೋನು ಹಚ್ಚಿದಳು. ಆ ಕಡೆಯಿಂದ ಗೆಳತಿ "ಯಾರು?" ಎಂದದ್ದು ನನಗೂ ಕೇಳಿಸಿತು. ಹೆಸರು ಹೇಳಲು ಬಾಯಿ ತೆರೆದ ಅತ್ತೆ, ಸೆರಗಿನಿಂದ ಕಣ್ಣೊತ್ತಿಕೊಂಡು, ಫೋನನ್ನು ನನ್ನ ಕೈಗಿತ್ತಳು.