ಸೂಟು ಕಳೆದು ನನ್ನ ತೂಕ

ನಮ್ಮ ಕಡೆ ಒಬ್ಬನನ್ನು ಕಾಯಿಲೆಯವನೆಂದು ಜನ ಒಪ್ಪಬೇಕಾದರೆ ಅವನು ಮೊದಲು ಸೊರಗಬೇಕು. ಗಲ್ಲ ಒಳಗೆ ಹೋಗಿರಬೇಕು, ಅಂಗಿ ಜೋತು ಬಿದ್ದಿರಬೇಕು, ಮಾತಿನ ನಡುವೆ ಎರಡು ಸಲ ಕೆಮ್ಮಿದರೆ ಇನ್ನೂ ಒಳ್ಳೆಯದು. ಈ ಮೂರರಲ್ಲಿ ಒಂದೂ ಇಲ್ಲದೆ ಕಾಯಿಲೆ ಬಿದ್ದ ಅಪರಾಧ ನನ್ನದು. ನನ್ನ ರೋಗ ಕಣ್ಣಿಗೆ ಕಾಣುವಂಥದ್ದಲ್ಲ, ಕಾಣುವುದು ಹೊಟ್ಟೆ. ಕೋಲು ಊರಿಕೊಂಡು ನಿಪ್ಪಾಣಿಯ ಪೇಟೆಯಲ್ಲಿ ನಡೆದರೆ ಒಬ್ಬಿಬ್ಬರು ಮರುಗುತ್ತಿದ್ದುದು ನಿಜ, ಆದರೆ ಅವರು ಮರುಗಿದ್ದು ನನ್ನ ಭಾರ ಹೊತ್ತ ಕೋಲಿಗೆ. ನಮ್ಮ ಶಾಲೆಯಲ್ಲಿ ನಾನು ಇತಿಹಾಸದ ಮಾಸ್ತರ. ಸಾಮ್ರಾಜ್ಯಗಳು ಹೇಗೆ ಉಬ್ಬಿ ಹೇಗೆ ಕುಸಿದವೆಂದು ಕುರ್ಚಿಯಲ್ಲಿ ಕುಳಿತು ಪಾಠ ಮಾಡುವಾಗ ಹುಡುಗರು ನನ್ನನ್ನೇ ಉದಾಹರಣೆಯಾಗಿ ನೋಡುತ್ತಿದ್ದರೆಂಬ ಗುಮಾನಿ ನನಗೆ ಈಗಲೂ ಇದೆ.

ರೋಗಕ್ಕೆ ಹೆಸರು ಇಟ್ಟವರು ಮಿರಜಿನ ಒಬ್ಬ ಡಾಕ್ಟರು, ಎಂಬತ್ತರ ದಶಕ ಮುಗಿಯುವ ಹೊತ್ತಿಗೆ. ಮಲ್ಟಿಪಲ್ ಸ್ಕ್ಲೆರೋಸಿಸ್. ವೈರಿನ ಮೇಲಿನ ರಬ್ಬರು ಅಲ್ಲಲ್ಲಿ ಹರಿದಂತೆ ನರಗಳ ಹೊದಿಕೆ ಕಿತ್ತುಹೋಗುತ್ತದೆ, ಮಿದುಳು ಕಳಿಸಿದ ಕರೆಂಟು ಕಾಲಿಗೆ ಸರಿಯಾಗಿ ಮುಟ್ಟುವುದಿಲ್ಲ ಎಂದು ಅವರು ವಿವರಿಸಿದರು. ದಿನದಲ್ಲಿ ಆರು ತಾಸು ಕರೆಂಟಿಲ್ಲದ ಊರಿನವನಾದ ನನಗೆ ಇದು ಕೂಡಲೇ ಅರ್ಥವಾಯಿತು. ಅವರು ಕೊಟ್ಟ ಸ್ಟೀರಾಯ್ಡ್ ಗುಳಿಗೆಗಳಿಂದ ಕಾಲು ಒಂದಿಷ್ಟು ಸುಧಾರಿಸಿತು. ಹಸಿವು ಬಹಳ ಸುಧಾರಿಸಿತು. ಮೂರು ತಿಂಗಳ ಬಳಿಕ ಮತ್ತೆ ಹೋದಾಗ ಡಾಕ್ಟರು ನನ್ನ ಕಾಲು ಬಿಟ್ಟು ನನ್ನ ಹೆಂಡತಿ ಶಾಂತಾಳನ್ನು ನೋಡಿದರು. ನಾನು ಬಿದ್ದರೆ ಎತ್ತುವವರು ಯಾರೆಂದು ಕೇಳಿದರು.

"ನಾನ್ರಿ," ಎಂದಳು ಶಾಂತಾ. ಅವಳ ತೂಕ ನಲವತ್ತೆರಡು ಕಿಲೋ.

ಡಾಕ್ಟರು ನನ್ನತ್ತ ತಿರುಗಿ, "ನಿಮ್ಮ ಕಾಲಿನ ಸಲುವಾಗಿ ಬ್ಯಾಡ್ರಿ, ನಿಮ್ಮ ಮನಿಯವರ ಬೆನ್ನಿನ ಸಲುವಾಗಿ ಎಪ್ಪತ್ತಕ್ಕ ಇಳೀರಿ. ಇವರು ಎತ್ತೂದು ನಿಂತ ದಿನ ನೀವು ಹಾಸಿಗಿ ಹಿಡದಂಗ," ಎಂದರು. ಆಗ ನಾನು ಎಪ್ಪತ್ತೆಂಟು ಕಿಲೋ.

ಇಳಿಯುವುದು ಕಷ್ಟವಾಗುತ್ತಿರಲಿಲ್ಲ, ನನಗೆ ಬಂಧುಗಳು ಇಲ್ಲದಿದ್ದರೆ. ಕಾಯಿಲೆಯವರನ್ನು ಮಾತಾಡಿಸಲು ನಮ್ಮಲ್ಲಿ ಯಾರೂ ಬರಿಗೈಯಲ್ಲಿ ಬರುವುದಿಲ್ಲ. ತೆಲಸಂಗದ ಸೋದರಮಾವ ಬಂದರೆ ಅವರ ಜೊತೆ ತುಪ್ಪದ ಡಬ್ಬಿ. ಅಥಣಿಯ ಅಕ್ಕ ಬಂದರೆ ಅಂಟಿನ ಉಂಡಿ, ಅದೂ ಬಾಣಂತಿಗೆ ಕಟ್ಟುವ ಅಳತೆಯಲ್ಲಿ. ನರದ ಹೊದಿಕೆಯ ಸಂಗತಿಯನ್ನು ಅಕ್ಕನಿಗೆ ನಾನೇ ವಿವರಿಸಿ ಹೇಳಿದೆ. ಅದು ನನ್ನ ಜೀವನದ ದೊಡ್ಡ ತಪ್ಪು. ಅವಳು ಗಂಭೀರವಾಗಿ ಕೇಳಿ, "ಹೊದಿಕಿ ಹೋಗೇತಂದ್ರ ಮತ್ತ ಹೊದಿಸಬೇಕಲ್ಲೋ ತಮ್ಮಾ. ತುಪ್ಪ ಬಿಟ್ರ ಇನ್ನೇನ ಹಚ್ಚತಿ?" ಎಂದಳು. ಮಿರಜಿನ ಡಾಕ್ಟರು ಹತ್ತು ವರ್ಷ ಓದಿ ಹೇಳಿದ್ದಕ್ಕಿಂತ ಇದು ನನಗೆ ಹೆಚ್ಚು ಶಾಸ್ತ್ರೀಯವಾಗಿ ಕಂಡಿತು. ಉಂಡಿಯ ಡಬ್ಬಿಯನ್ನು ಶಾಂತಾ ಬೀಗ ಹಾಕಿ ಇಟ್ಟಳು. ಅದಕ್ಕೆ ಮೊದಲೇ ಹನ್ನೆರಡು ಉಂಡಿಗಳು ನನ್ನ ಪುಸ್ತಕದ ಕಪಾಟು ಸೇರಿದ್ದವು.

ಇನ್ನು ತೂಕ ನೋಡುವುದು. ಆಸ್ಪತ್ರೆಯ ಸಣ್ಣ ಯಂತ್ರದ ಮೇಲೆ ನಿಂತರೆ ನಾನು ತೂಗಾಡುತ್ತಿದ್ದೆ, ಮುಳ್ಳು ನನಗಿಂತ ಹೆಚ್ಚು ತೂಗಾಡುತ್ತಿತ್ತು. ಹೀಗಾಗಿ ನಮ್ಮ ಓಣಿಯ ತಂಬಾಕಿನ ಗೋದಾಮಿನಲ್ಲಿದ್ದ, ಮಾಲು ತೂಗುವ ದೊಡ್ಡ ಕಾಟಾವನ್ನೇ ಆಶ್ರಯಿಸಿದೆ. ಅಲ್ಲಿ ತೂಗುವವನು ಬಾಳಪ್ಪ. ಮೂವತ್ತು ವರ್ಷದಿಂದ ತಂಬಾಕಿನ ಬೋದು ಎಂಬ ದೊಡ್ಡ ಮೂಟೆಗಳನ್ನು ತೂಗಿ, ಕಾಟಾ ಇಲ್ಲದೆಯೂ ಕೈಯಿಂದ ಎತ್ತಿ ಕಿಲೋ ಹೇಳಬಲ್ಲವನು. ಪ್ರತಿ ಆದಿತ್ಯವಾರ ಹಲಗೆಯ ಮೇಲೆ ಕುರ್ಚಿ ಇಟ್ಟು, ಕುರ್ಚಿಯ ಮೇಲೆ ನನ್ನನ್ನು ಇಟ್ಟು, ದಂಡಿಗೆಯ ಮೇಲಿನ ತೂಕದ ಗುಂಡು ಸರಿಸಿ, ಕಣ್ಣು ಕಿರಿದು ಮಾಡಿ ಅವನು ತೂಕ ಸಾರುತ್ತಿದ್ದ. ಮೊದಲ ವಾರ ಎಪ್ಪತ್ತೆಂಟು. ಮೂರನೆಯ ವಾರ ಎಪ್ಪತ್ತಾರು. ಎರಡು ತಿಂಗಳಲ್ಲಿ ಎಪ್ಪತ್ತೊಂದು. ನನಗೆ ಕೊಬ್ಬು ಇಳಿದು ಗರ್ವ ಏರಿತು. ಸ್ಟಾಫ್ ರೂಮಿನಲ್ಲಿ ಮಿತಾಹಾರದ ಬಗ್ಗೆ ಉಪನ್ಯಾಸ ಕೊಡಹತ್ತಿದೆ. ಸಾಧನೆಗೆ ಬಹುಮಾನವೆಂದು ಪ್ರತಿ ಆದಿತ್ಯವಾರ ಕಪಾಟಿನಿಂದ ಒಂದು ಉಂಡಿ ತೆಗೆಯುತ್ತಿದ್ದೆ. ಅಕ್ಕ ಪುನಃ ಬಂದು ಹೋದ ಮೇಲೆ ಎರಡು. ಉಂಡಿ ತಿಂದರೂ ತೂಕ ಇಳಿಯುವುದನ್ನು ಕಂಡು ಅಕ್ಕನ ಶಾಸ್ತ್ರವೇ ಸರಿಯೆಂಬ ನಿರ್ಧಾರಕ್ಕೂ ಬಂದೆ.

ಒಂದು ಮುಂಜಾನೆ ಬಚ್ಚಲಲ್ಲಿ ಬಿದ್ದೆ. ಬಿಸಿ ನೀರು ಹೆಚ್ಚಾದರೆ ನನ್ನ ಕಾಲು ಹತ್ತಿಯಂತಾಗುತ್ತದೆ. ಬೀಳುವುದು ನನಗೆ ಹೊಸದಲ್ಲ. ಶಾಂತಾ ಎಂದಿನಂತೆ ಬಂದು, ಕಂಕುಳಲ್ಲಿ ಕೈ ಕೊಟ್ಟು ಎತ್ತಿದಳು. ನಾನು ಏಳಲಿಲ್ಲ. ಸೆರಗು ಸಿಕ್ಕಿಸಿ ಮತ್ತೆ ಎತ್ತಿದಳು. ಮೂರನೆಯ ಸಲ ಅವಳ ಬೆನ್ನು ಚಳಕ್ಕೆಂದಿತು. ಅವಳು ನನ್ನ ಪಕ್ಕದಲ್ಲಿ ಹಸಿ ನೆಲದ ಮೇಲೆಯೇ ಕುಳಿತಳು. ನನ್ನ ಹಾಸ್ಯಪ್ರಜ್ಞೆ ಅಷ್ಟೊಂದು ಬೇಗ ಬಿಟ್ಟುಹೋದದ್ದು ಅದೇ ಮೊದಲು.

ನಾನು ಹಾಕಿದ ಕೂಗು ಕೇಳಿ ಗೋದಾಮಿನಿಂದ ಬಂದವನು ಬಾಳಪ್ಪನೇ. ನನ್ನನ್ನು ಬೋದಿನಂತೆ ತಬ್ಬಿ ಎತ್ತಿ ನಿಲ್ಲಿಸಿದ. ನಿಲ್ಲಿಸುತ್ತ, ಮೂವತ್ತು ವರ್ಷದ ಚಟ, ಬಾಯಿಂದ ಬಂದೇಬಿಟ್ಟಿತು: "ಎಂಬತ್ತೆರಡ."

ಎಪ್ಪತ್ತೊಂದು ಅಂದವನು ನೀನೇ ಅಲ್ಲವೇ ಎಂದು ಶಾಂತಾ ನೆಲದಿಂದಲೇ ಕೇಳಿದಳು.

"ಅದು ಸೂಟು ಕಳದು, ಅಕ್ಕಾರ," ಎಂದ ಬಾಳಪ್ಪ.

ಸೂಟು ಎಂದರೆ, ರೈತ ತಂದ ಮಾಲಿನಲ್ಲಿ ಚೀಲದ ಭಾರ, ತೇವ, ಕಸಕಡ್ಡಿ ಎಂದು ಪೇಟೆಯವರು ತೂಕದಲ್ಲಿ ಕತ್ತರಿಸುವ ಪಾಲು. ಬಾಳಪ್ಪ ಕುರ್ಚಿಯ ತೂಕ ಕಳೆದ ಮೇಲೆ ರೂಢಿಯಂತೆ ನನ್ನ ಚೀಲವನ್ನೂ ತೇವವನ್ನೂ ಕಳೆದಿದ್ದ. ಮನುಷ್ಯನಿಗೂ ಸೂಟೇ ಎಂದು ಕೇಳಿದೆ.

"ಮೊದಲ ಕೈ ತಪ್ಪಿ ಕಳದೆರಿ. ನಿಮ್ಮ ಮಾರಿ ಅರಳ್ತು. ಅದಕ್ಕ ವಾರಕ್ಕೊಂದೀಟು ಜಾಸ್ತಿ ಬಿಟ್ಕೊಂತ ಬಂದೆ. ಈ ಕಾಟಾದ ಮುಂದ ಸೂಟಿಗಿ ನಕ್ಕವರು ನೀವೊಬ್ಬರ ನೋಡ್ರಿ ಮಾಸ್ತರ್ರ."

ಮೂವತ್ತು ವರ್ಷ ರೈತರ ಶಾಪ ಉಂಡವನಿಗೆ ನನ್ನೊಬ್ಬನಿಂದ ಪುಣ್ಯ ಸಿಕ್ಕಿತ್ತು. ಅದನ್ನು ಕಸಿದುಕೊಳ್ಳಲು ನಾನು ಯಾರು? ಶಾಂತಾ ಗೋಡೆ ಹಿಡಿದು ಎದ್ದಳು. "ನನ್ನ ರಟ್ಟ್ಯಾಗ ಸೂಟಿಲ್ಲರಿ," ಎಂದಷ್ಟೇ ಹೇಳಿ, ನೇರ ಹೋಗಿ ಪುಸ್ತಕದ ಕಪಾಟು ತೆಗೆದಳು. ಅಲ್ಲಿ ಬಚ್ಚಿಟ್ಟ ಉಂಡಿಗಳ ಸಂಗತಿ ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು.

ಅಂದಿನಿಂದ ಕಾಟಾ ಬದಲಾಯಿತು, ಶಾಂತಾಳ ರಟ್ಟೆಯೇ ಕಾಟಾ. ಮಾತಾಡಿಸಲು ಬಂದವರು ತಂದದ್ದನ್ನು ತಾವೇ ಕುಳಿತು ಉಣ್ಣಬೇಕೆಂದು ಅವಳು ಕಟ್ಟಳೆ ಮಾಡಿದಳು. ಅಕ್ಕ ಎರಡು ಭೇಟಿಯಲ್ಲಿ ದಣಿದು ಮೂರನೆಯದಕ್ಕೆ ಮೆಂತ್ಯ ಪಲ್ಯ ತಂದಳು. ಬೆನ್ನು ನೆಟ್ಟಗಾದ ಮೇಲೆ ಶಾಂತಾ ದಿನಾ ಮುಂಜಾನೆ ನನ್ನನ್ನು ಕುರ್ಚಿಯಿಂದ ಎತ್ತಿ ನೋಡಿ, ಎಷ್ಟು ರೊಟ್ಟಿ ಎಂಬುದನ್ನು ಅದರ ಮೇಲೆ ಗೊತ್ತು ಮಾಡುತ್ತಿದ್ದಳು. ಅರ್ಧ ರೊಟ್ಟಿಯ ಆಸೆಗೆ ನಾನು ಒಂದು ಉಪಾಯ ಕಂಡುಹಿಡಿದೆ. ಅವಳು ಎತ್ತುವಾಗ ಧೋತರದ ಮರೆಯಲ್ಲಿ ಪಾದ ಊರಿ, ತೊಡೆ ಬಿಗಿದು, ನಾನೂ ಒಳಗೊಳಗೆ ಏಳುವುದು. ಅವಳಿಗೆ ನಾನು ಹಗುರ ಅನಿಸಬೇಕು. ಮೋಸಕ್ಕೆ ಎಷ್ಟು ಶ್ರಮವೆಂದು ಮೋಸಗಾರನಿಗೇ ಗೊತ್ತು. ಹಣೆಯ ಮೇಲೆ ಬೆವರು ಮೂಡುತ್ತಿತ್ತು.

ಆರು ತಿಂಗಳಿಗೆ ಮಿರಜಿಗೆ ಹೋದಾಗ ಅವರ ಯಂತ್ರದಲ್ಲಿ ಎಪ್ಪತ್ತೆರಡು, ಯಾವ ಸೂಟೂ ಇಲ್ಲದೆ. ಡಾಕ್ಟರು ತೊಡೆ ಒತ್ತಿ ನೋಡಿ, ಕಾಲಿಗೆ ಬಲ ಬಂದಿದೆ, ಮನೆಯಲ್ಲಿ ಯಾವ ವ್ಯಾಯಾಮ ಎಂದು ಕೇಳಿದರು. ನಾನು ಗೋಡೆಯ ಕ್ಯಾಲೆಂಡರಿನತ್ತ ನೋಡಿದೆ.

"ದಿನಾ ಮುಂಜಾನಿ ನನಗ ಮೋಸ ಮಾಡ್ತಾರ್ರಿ," ಎಂದಳು ಶಾಂತಾ. "ಮಾಡ್ಲಿ ಅಂತ ಬಿಟ್ಟೇನ್ರಿ."

ಡಾಕ್ಟರು ಅದನ್ನೇ ಮುಂದುವರಿಸಲು ಹೇಳಿ, ಮುಂಜಾನೆ ಹತ್ತು ಸಲ, ಸಂಜೆ ಹತ್ತು ಸಲ ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಅಲ್ಲಿಗೆ ಮೋಸದ ಸುಖ ಹೋಯಿತು. ಉಳಿದದ್ದು ಬರೀ ವ್ಯಾಯಾಮ.