ನಮ್ಮ ಗುರ್ಕಾರರಿಗೆ ಎಂತ ಲಾಭ?

ಶಂಕರಪುರದ ಕಡೆಗೆ ಮನೆ ಬದಲಿಸುವ ಯೋಚನೆ ನಿಮಗಿದ್ದರೆ ಒಂದು ಎಚ್ಚರಿಕೆ: ನಮ್ಮ ಗುರ್ಕಾರರ ಕಣ್ಣಿಗೆ ಬೀಳಬೇಡಿ. ಬಿದ್ದಿರೋ, ಆ ಕ್ಷಣದಿಂದ ನೀವು ಅವರ ನೆಂಟರು!

ಗುರ್ಕಾರ ಎಂದರೆ ಇಗರ್ಜಿಯ, ಅಂದರೆ ಚರ್ಚಿನ, ಒಂದು ವಾರ್ಡಿನ ಮುಖಂಡ. ಸಂಬಳವಿಲ್ಲದ ಹುದ್ದೆ, ಬೈಗುಳಕ್ಕೆ ಮಾತ್ರ ಬರವಿಲ್ಲ. ನಾವು ಅಜೆಕಾರಿನಿಂದ ಸಾಮಾನು ತಂದ ದಿನ, ಲಾರಿಯಿಂದ ಕಪಾಟು ಇಳಿಯುವ ಮೊದಲೇ ಈ ಮಹಾಶಯರು ಅಡುಗೆಮನೆಯಲ್ಲಿ ನಿಂತಿದ್ದರು. ಒಂದು ಕೈಯಲ್ಲಿ ಮಲ್ಲಿಗೆ ಗಿಡ, ಇನ್ನೊಂದರಲ್ಲಿ ಕಾಪು ಮಾರ್ಕೆಟ್ಟಿನ ಬಂಗುಡೆ ಮೀನು.

"ಬಂಗುಡೆ ತಿನ್ನುತ್ತೀರಲ್ವಾ? ಇಲ್ಲದಿದ್ದರೆ ಈಗಲೇ ಹೇಳಿ. ನಮ್ಮ ವಾರ್ಡಿನಲ್ಲಿ ಅಂಥ ಮೊದಲ ಕೇಸು ನಿಮ್ಮದೇ!"

ನಾನು ಹಳೆಯ ಮನೆಗಳ ಬಾಗಿಲು, ಕಿಟಕಿ ಕೊಂಡು ಮಾರುವವನು. ನನ್ನ ಸಲಹೆ ಕೇಳಿ: ಪುಕ್ಕಟೆ ಬಂದದ್ದನ್ನು ಮೊದಲು ಮಗುಚಿ ನೋಡಬೇಕು, ಹಿಂಬದಿಯಲ್ಲಿ ಗೆದ್ದಲು ಇರುತ್ತದೆ. ಇವರಿಗೆ ಇದರಲ್ಲಿ ಎಂತ ಲಾಭ? ವಿಮೆ ಮಾರುತ್ತಾರೋ? ಚುನಾವಣೆಗೆ ನಿಲ್ಲುತ್ತಾರೋ? ತಿಂಗಳುಗಟ್ಟಲೆ ಮಗುಚಿ ನೋಡಿದೆ. ಗೆದ್ದಲು ಕಾಣಲಿಲ್ಲ!

ನನ್ನ ನಿಜವಾದ ಕಷ್ಟ ಬೇರೆಯೇ ಇತ್ತು. ಅಮ್ಮ ಹೊಸ ಇಗರ್ಜಿಯ ಮೆಟ್ಟಿಲು ಹತ್ತಲು ಒಪ್ಪಲಿಲ್ಲ. ಭಾನುವಾರ ನಮ್ಮೊಡನೆ ರಿಕ್ಷಾದಲ್ಲಿ ಬರುತ್ತಿದ್ದಳು, ಪೂಜೆ ಮುಗಿಯುವ ತನಕ ಅಂಗಳದಲ್ಲಿ ರಿಕ್ಷಾದೊಳಗೇ ಕೂರುತ್ತಿದ್ದಳು.

"ದೇವರು ನನ್ನವನೇ. ಒಳಗಿರುವ ಜನ ಯಾರು ಮಾರಾಯ? ನಾನು ಸತ್ತರೆ ಅಳಲಿಕ್ಕೆ ಇಲ್ಲಿ ಒಬ್ಬರಾದರೂ ಉಂಟಾ?"

ಎಂತೆಂಥ ಹಟಮಾರಿಗಳಿಂದ ತೇಗದ ಬಾಗಿಲು ಬಿಡಿಸಿದ ನನ್ನ ನಾಲಿಗೆ ಅಮ್ಮನೆದುರು ಸೋತಿತು. ಅವಳ ಮಾತು ಕಡಿಮೆಯಾಯಿತು, ಆಮೇಲೆ ಊಟವೂ.

ಗುರ್ಕಾರರು ಅವಳನ್ನು ಒಪ್ಪಿಸಲು ಹೋಗಲೇ ಇಲ್ಲ. ಒಂದು ಭಾನುವಾರ ಪೂಜೆಯ ನಡುವೆ ಎದ್ದು ಹೋಗಿ, ರಿಕ್ಷಾ ಚಾಲಕನ ಸೀಟಿನಲ್ಲಿ ಕುಳಿತು ಜೋರಾಗಿ ಪ್ರಾರ್ಥನೆ ಹೇಳತೊಡಗಿದರು. ಚಾಲಕ ಅಯ್ಯಪ್ಪನ ಭಕ್ತ. ಪಾಪ, ಅವನೂ ಹೊರಗೆ ಕೈಮುಗಿದು ನಿಂತ! ಮರುವಾರ ನೆರೆಮನೆಯ ಇಬ್ಬರು ಹೆಂಗಸರು ಅಮ್ಮನ ಎಡಬಲಕ್ಕೆ ತೂರಿಕೊಂಡರು. ಅದರ ಮರುವಾರ ಗಾಯನ ಮಂಡಳಿಯ ದಪ್ಪ ಸ್ವರವೆಲ್ಲ ರಿಕ್ಷಾದ ಹಿಂದೆ! ಫಾದರ್ ಪ್ರವಚನ ನಿಲ್ಲಿಸಿ ಬಾಗಿಲಿನತ್ತ ಕೂಗಿದರು: "ಗುರ್ಕಾರರೇ, ನಾನೂ ಅಲ್ಲಿಗೇ ಬರಲೋ?"

ಅಮ್ಮ ಅಂದು ನಕ್ಕಳು. ಆದರೆ ಇಳಿಯಲಿಲ್ಲ!

ಸೆಪ್ಟೆಂಬರಿನಲ್ಲಿ ಮೊಂತಿ ಹಬ್ಬ ಬಂತು, ಮರಿಯಮ್ಮನವರು ಹುಟ್ಟಿದ ದಿನ. ಅಂದು ಮಂತ್ರಿಸಿದ ಭತ್ತದ ತೆನೆಯನ್ನು ಪ್ರತಿ ಮನೆಗೂ ಕೊಡುತ್ತಾರೆ. ಅದರ ಅಕ್ಕಿಯನ್ನು ಹಾಲಿಗೆ ಹಾಕಿ ಮನೆಯ ಹಿರಿಯರು ಕೈಯಾರೆ ಎಲ್ಲರಿಗೂ ಬಡಿಸಬೇಕು, ಅನಂತರವೇ ಊಟ. ಅಮ್ಮ ಮುಖ ತಿರುಗಿಸಿದಳು. "ಇಲ್ಲಿಯ ತೆನೆ ನನಗೆ ಬೇಡ. ನೀವೇ ತಿನ್ನಿ." ಹಿರಿಯರೇ ಬಡಿಸದಿದ್ದರೆ ಅದೆಂಥ ಹಬ್ಬ? ಎಲೆ ಹಾಕಿಕೊಂಡು ಹೆಂಡತಿ, ಮಕ್ಕಳು, ನಾನು ಸುಮ್ಮನೆ ಕುಳಿತೆವು.

ಆಗ ಗುರ್ಕಾರರು ಬಂದರು. ಕೈಯಲ್ಲಿ ಅವರ ಪಾಲಿನ ತೆನೆ.

"ಅಮ್ಮಾ, ಒಂದು ಉಪಕಾರ ಆಗಬೇಕಿತ್ತು."

"ಎಂತ?"

"ನನ್ನ ಮನೆಯಲ್ಲಿ ನಾನೇ ಹಿರಿಯ, ನಾನೇ ಕಿರಿಯ. ತಾಯಿ ಹೋದ ಮೇಲೆ ಬಡಿಸುವವರಿಲ್ಲ. ವಾರ್ಡಿಗೆಲ್ಲ ಹಂಚಿ ಬಂದು, ನನ್ನ ತೆನೆಯನ್ನು ಕೋಳಿಗೆ ಹಾಕುವುದು."

"ಕೋಳಿಗಾ! ಮಂತ್ರಿಸಿದ ತೆನೆಯನ್ನಾ!"

ಅಮ್ಮ ದಡಕ್ಕನೆ ಎದ್ದಳು. ತೆನೆ ಕಿತ್ತುಕೊಂಡು, ಬೈಯುತ್ತಲೇ ಉಗುರಿನಿಂದ ಒಂದೊಂದೇ ಭತ್ತ ಸುಲಿದಳು. ನಮ್ಮ ತೆನೆಯ ಅಕ್ಕಿಯನ್ನೂ ಅದಕ್ಕೇ ಬೆರೆಸಿ, ಜಜ್ಜಿ, ಹಾಲಿಗೆ ಹಾಕಿದಳು. ಬಡಿಸಿದ್ದು ಮೊದಲು ಅವರಿಗೆ, ಆಮೇಲೆ ನಮಗೆ. ಕೊನೆಗೆ ತನಗೂ ಒಂದು ಚಮಚ.

ಗುರ್ಕಾರರು ತಲೆ ಬಗ್ಗಿಸಿ ಉಂಡರು. ಅವರ ನರೆತ ತಲೆಯ ಮೇಲೆ ಅಮ್ಮ ಕೈಯಿಟ್ಟಳು. ನಾನು ಎದ್ದು ಊಟಕ್ಕೆ ಅವರಿಗೂ ಒಂದು ಎಲೆ ಹಾಕಿದೆ.

"ಬರುವ ವರ್ಷ ಬೆಳಿಗ್ಗೆಯೇ ಬಾ ಮಗಾ," ಎಂದಳು ಅಮ್ಮ. "ಕಾಯಿ ತುರಿಯಲಿಕ್ಕೆ ಈ ಮನೆಯಲ್ಲಿ ಜನ ಸಾಲುವುದಿಲ್ಲ."